ಊಟ ಆದ ಕೂಡಲೇ ಶೌಚಕ್ಕೆ ಹೋಗಬೇಕೆನಿಸುವುದೇಕೆ? ಜೀರ್ಣಾಂಗದ ಕುರಿತು ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ನನಗೆ ಶೌಚಕ್ಕೆ ಹೋಗಬೇಕು ಅನ್ನಿಸುತ್ತದೆ. ವರ್ಷಗಳಿಂದ ಹೀಗೇ ಇದೆ. ತೂಕ ಇಳಿದಿಲ್ಲ, ಸುಸ್ತೂ ಇಲ್ಲ. ಆದರೂ ತಿಂದದ್ದು ಮೈಗೆ ಹತ್ತದೆ ಹಾಗೇ ಹೊರಟುಹೋಗುತ್ತಿದೆಯೇನೋ ಎಂಬ ಭಯ. ಕರುಳು ವೀಕಾಗಿದೆಯಾ?

ಉತ್ತರ: ನಮಸ್ಕಾರ. ಈಗ ತಿಂದದ್ದು ಈಗಲೇ ಹೊರಬರಲು ಸಾಧ್ಯವಿಲ್ಲ, ಮೊದಲು ಆ ಭಯ ಬಿಡಿ. ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಇಳಿದುಬಿಡುತ್ತದೆ. ಆಮೇಲೆ ಅವಸರವಿಲ್ಲ. ಜಠರದಲ್ಲಿ 2ರಿಂದ 5 ಗಂಟೆ, ಸಣ್ಣ ಕರುಳಿನಲ್ಲಿ 3ರಿಂದ 6 ಗಂಟೆ, ದೊಡ್ಡ ಕರುಳಿನಲ್ಲಿ ಒಂದು ದಿನ, ಕೆಲವರಲ್ಲಿ ಎರಡು ದಿನಕ್ಕಿಂತ ಹೆಚ್ಚು. ಹಾಗಾಗಿ ಊಟವಾದ ಮೇಲೆ ನೀವು ಹೊರಹಾಕುವುದು ನಿನ್ನೆಯದೋ ಮೊನ್ನೆಯದೋ ಆಗಿರುತ್ತದೆ.

ಊಟದಿಂದ ಜಠರ ಹಿಗ್ಗುತ್ತಿದ್ದಂತೆ ನರಗಳ ಮತ್ತು ಹಾರ್ಮೋನುಗಳ ಮೂಲಕ ದೊಡ್ಡ ಕರುಳಿಗೆ ಸೂಚನೆ ಹೋಗುತ್ತದೆ. ಅದು ಜೋರಾಗಿ ಹಿಂಡಿ, ಒಳಗಿರುವ ಹಳೆಯದನ್ನು ಮುಂದಕ್ಕೆ ತಳ್ಳುತ್ತದೆ. ಇದಕ್ಕೆ ಗ್ಯಾಸ್ಟ್ರೋಕೋಲಿಕ್ ರಿಫ್ಲೆಕ್ಸ್ ಎನ್ನುತ್ತೇವೆ. ಹಾಲು ಕುಡಿದ ಕೂಡಲೇ ಹಸುಗೂಸು ಬಟ್ಟೆಯಲ್ಲೇ ಮಲ ಮಾಡಿಕೊಳ್ಳುವುದೂ ಇದರಿಂದಲೇ. ಕೆಲವರಲ್ಲಿ ಈ ಪ್ರತಿಕ್ರಿಯೆ ಹುಟ್ಟಿನಿಂದಲೇ ಚುರುಕು. ನಿಮ್ಮ ತೂಕ ನಿಂತಿದೆ ಎಂದರೆ ಆಹಾರ ಮೈಗೆ ಹತ್ತುತ್ತಿದೆ ಎಂದೇ ಅರ್ಥ. ಮಲದಲ್ಲಿ ಸಿಪ್ಪೆ, ಬೀಜ ಹಾಗೇ ಕಂಡರೂ ಗಾಬರಿ ಬೇಡ. ಸಸ್ಯದ ನಾರನ್ನು ಒಡೆಯುವ ಕಿಣ್ವ ಮನುಷ್ಯರ ದೇಹದಲ್ಲಿ ತಯಾರಾಗುವುದೇ ಇಲ್ಲ.

ಆದರೆ ಮಲದಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸರ್, ಇದಕ್ಕೇ ಸೇರಿದ ಒಂದು ಅನುಮಾನ. ಜೀರ್ಣವೆಲ್ಲ ಹೊಟ್ಟೆಯಲ್ಲಿ, ಅಂದರೆ ಜಠರದಲ್ಲಿ ಆಗುತ್ತದೆ ಎಂದು ಓದಿದ್ದೆ. ಅಲ್ಲಿಂದಾಚೆ ಕರುಳಿಗೆ ಏನು ಕೆಲಸ?

ಉತ್ತರ: ನಿಜವಾದ ಕೆಲಸವೇ ಅಲ್ಲಿಂದಾಚೆ ಶುರುವಾಗುತ್ತದೆ. ನನ್ನ ಬಳಿ ಬರುವವರಲ್ಲಿ ಬಹುಪಾಲು ಜನ ಎಲ್ಲ ತೊಂದರೆಯನ್ನೂ ಜಠರದ ತಲೆಗೆ ಕಟ್ಟುತ್ತಾರೆ. ಜಠರ ಪ್ರಸಿದ್ಧವಾಗಲು ಒಂದು ಐತಿಹಾಸಿಕ ಕಾರಣವೂ ಇದೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಜೀವ ಉಳಿಯಿತು, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲೇ ಇಲ್ಲ. ಚಿಕಿತ್ಸೆ ಕೊಟ್ಟ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆಹಾರದ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಒಳಗೆ ಬಿಟ್ಟು, ಅವು ಕರಗುವುದನ್ನು ನೋಡಿ 1833ರಲ್ಲಿ ಎಲ್ಲವನ್ನೂ ಪ್ರಕಟಿಸಿದ. ಜೀವಂತ ಮನುಷ್ಯನಲ್ಲಿ ಹಾಗೆ ಕಣ್ಣಾರೆ ಕಂಡದ್ದು ಜಠರವನ್ನು. ಸಣ್ಣ ಕರುಳಿನ ಗುಟ್ಟು ತಿಳಿಯಲು ಇನ್ನೂ ದಶಕಗಳೇ ಬೇಕಾದವು.

ಜಠರ ಮಾಡುವುದು ಮುಖ್ಯವಾಗಿ ಸಿದ್ಧತೆ. ಆಹಾರವನ್ನು ಕಲಸಿ ಗಂಜಿಯಂತೆ ಮಾಡುತ್ತದೆ, ಆಮ್ಲದಿಂದ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ, ಪೆಪ್ಸಿನ್ ಕಿಣ್ವದಿಂದ ಪ್ರೋಟೀನನ್ನು ತುಂಡರಿಸಲು ಆರಂಭಿಸುತ್ತದೆ, ಮತ್ತೆ ಅಳತೆ ಮಾಡಿದಂತೆ ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತದೆ. ಕೊಬ್ಬಿನ ಊಟವಾದರೆ ಇನ್ನೂ ನಿಧಾನವಾಗಿ ಬಿಡುತ್ತದೆ.

ಆ ಹುಳಿ ಗಂಜಿ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಂಗೆ ಬಂದಾಗ ನಡೆಯುವುದು ನನಗೆ ಇಡೀ ದೇಹದಲ್ಲೇ ಅತ್ಯಂತ ಸೊಗಸಾದ ಸಂಗತಿ. ಆಮ್ಲ ತಾಗಿದ ಕೂಡಲೇ ಕರುಳಿನ ಒಳಪದರ ಸೆಕ್ರೆಟಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಹರಿದು ಅದು ಮೇದೋಜೀರಕ ಗ್ರಂಥಿಯನ್ನು, ಅಂದರೆ ಪ್ಯಾಂಕ್ರಿಯಾಸನ್ನು ತಲುಪುತ್ತದೆ. ಗ್ರಂಥಿ ಬೈಕಾರ್ಬನೇಟ್ ತುಂಬಿದ ರಸ ಸುರಿಸಿ ಆ ಆಮ್ಲವನ್ನು ಶಮನ ಮಾಡುತ್ತದೆ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು, ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನು ಕತ್ತರಿಸಿದ ಮೇಲೂ, ಅಲ್ಲಿಗೆ ಆಮ್ಲ ಬಿಟ್ಟರೆ ಗ್ರಂಥಿ ರಸ ಸುರಿಸುವುದನ್ನು ತೋರಿಸಿದರು. ಹಾರ್ಮೋನು ಎಂದು ಇವತ್ತು ನಾವು ಕರೆಯುವ ವಸ್ತುಗಳ ಅಧ್ಯಯನ ಹುಟ್ಟಿದ್ದೇ ಈ ಪ್ರಯೋಗದಿಂದ.

ಆಮ್ಲ ಶಮನವಾಗಲೇಬೇಕು. ಪೆಪ್ಸಿನ್ ಆಮ್ಲದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಪ್ಯಾಂಕ್ರಿಯಾಸಿನ ಕಿಣ್ವಗಳಿಗೆ ಆಮ್ಲ ಆಗಿಬರುವುದಿಲ್ಲ. ಅವು ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಒಡೆಯುತ್ತವೆ. ಕೊಬ್ಬಿಗೆ ಲಿವರಿನಿಂದ ಬರುವ ಪಿತ್ತರಸದ ನೆರವೂ ಬೇಕು. ಪಾತ್ರೆಯ ಜಿಡ್ಡನ್ನು ಸೋಪು ಬಿಡಿಸುವಂತೆ ಪಿತ್ತದ ಲವಣಗಳು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತವೆ. ಆಮೇಲೆ ಈ ಲವಣಗಳಲ್ಲಿ ನೂರಕ್ಕೆ 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಲಿವರಿಗೇ ವಾಪಸು ಕಳಿಸುತ್ತದೆ.

ಒಡೆದದ್ದನ್ನು ಹೀರುವುದೂ ಸಣ್ಣ ಕರುಳೇ. ಒಳಗೋಡೆಯ ಮಡಿಕೆಗಳ ಮೇಲೆ ವಿಲ್ಲೈ ಎಂಬ ಬೆರಳಿನಾಕಾರದ ಚಾಚುಗಳು, ಅವುಗಳ ಜೀವಕೋಶಗಳ ಮೇಲೆ ಇನ್ನೂ ಸೂಕ್ಷ್ಮವಾದ ಎಳೆಗಳು. ಇದನ್ನೆಲ್ಲ ಹರಡಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 2014ರಲ್ಲಿ ಹೊಸದಾಗಿ ಅಳೆದಾಗ ಸುಮಾರು 30 ಚದರ ಮೀಟರ್ ಎಂದು ತಿಳಿಯಿತು. ಅದೂ ಕಡಿಮೆಯೇನಲ್ಲ.

ಕ್ಯಾನ್ಸರ್ ಬಂದು ಜಠರವನ್ನು ಪೂರ್ತಿ ತೆಗೆಸಿಕೊಂಡವರು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಂಡು, ಬಿ12 ಇಂಜೆಕ್ಷನ್ ತೆಗೆದುಕೊಂಡು ವರ್ಷಗಟ್ಟಲೆ ಬದುಕುತ್ತಾರೆ. ಸಣ್ಣ ಕರುಳಿನ ಬಹುಭಾಗ ಹೋದವರಿಗೆ ರಕ್ತನಾಳದ ಮೂಲಕವೇ ಪೋಷಣೆ ಕೊಡಬೇಕಾಗಿ ಬರಬಹುದು. ಯಾವುದು ಮುಖ್ಯ ಎನ್ನುವುದಕ್ಕೆ ನಾನು ಕೊಡುವ ಉತ್ತರ ಇದೇ.

ಪ್ರಶ್ನೆ: ಅಷ್ಟು ತೀಕ್ಷ್ಣವಾದ ಆಸಿಡ್ ಜಠರವನ್ನೇ ಯಾಕೆ ಸುಡುವುದಿಲ್ಲ? ಊಟದ ಮಧ್ಯೆ ನೀರು ಕುಡಿದರೆ ಅದು ತೆಳುವಾಗಿ ಅಜೀರ್ಣವಾಗುತ್ತದೆ ಎನ್ನುತ್ತಾರಲ್ಲ, ನಿಜವಾ ಮೇಡಂ?

ಉತ್ತರ: ನಾನು ಮೇಡಂ ಅಲ್ಲ, ಸರ್. ಪರವಾಗಿಲ್ಲ. ನೀರಿನ ಮಾತು ನಿಜವಲ್ಲ. ನೀರು ಜಠರದಿಂದ ಬೇಗ ಇಳಿದುಹೋಗುತ್ತದೆ, ಬೇಕಾದಷ್ಟು ಆಮ್ಲ ಮತ್ತೆ ಒಸರುತ್ತದೆ. ಬಾಯಾರಿದರೆ ಕುಡಿಯಿರಿ.

ಆಮ್ಲ ಸುಡದಂತೆ ಒಳಗೋಡೆಯ ಮೇಲೆ ಲೋಳೆಯ ಪದರವಿದೆ, ಅದರಲ್ಲಿ ಬೈಕಾರ್ಬನೇಟ್ ಇದೆ, ಸವೆದ ಜೀವಕೋಶಗಳ ಜಾಗಕ್ಕೆ ಕೆಲವೇ ದಿನಗಳಲ್ಲಿ ಹೊಸವು ಬರುತ್ತವೆ. ಈ ರಕ್ಷಣೆ ಸೋತಾಗ ಹುಣ್ಣು. ಟೆನ್ಷನ್, ಖಾರ ಇವೇ ಕಾರಣ ಎಂದು ವೈದ್ಯರೂ ನಂಬಿದ್ದ ಕಾಲವಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಕಾರಣವಾಗಿ ತೋರಿಸಿದರು. ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇನ್ನೊಂದು ದೊಡ್ಡ ಕಾರಣ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್‌ನಂಥ ಮಾತ್ರೆಗಳು. ಅವು ಲೋಳೆಯ ರಕ್ಷಣೆಯನ್ನೇ ಕುಗ್ಗಿಸುತ್ತವೆ. ಮಂಡಿನೋವಿಗೆಂದು ನೀವೇ ತಿಂಗಳುಗಟ್ಟಲೆ ನುಂಗಬೇಡಿ. ವೈದ್ಯರು ಹೃದಯಕ್ಕೆಂದು ಬರೆದ ಆಸ್ಪಿರಿನ್ ಅನ್ನು ಮಾತ್ರ ಕೇಳದೆ ನಿಲ್ಲಿಸಬೇಡಿ.

ಪ್ರಶ್ನೆ: ಮಗುವಿಗೆ ಭೇದಿಯಾದಾಗ ಓಆರ್‌ಎಸ್, ಅಂದರೆ ಸಕ್ಕರೆ-ಉಪ್ಪಿನ ದ್ರಾವಣ ಕೊಡಿ ಎನ್ನುತ್ತಾರೆ. ಬರೀ ನೀರು ಸಾಲದಾ? ಭೇದಿಯಲ್ಲಿ ಸಕ್ಕರೆ ಅಂಶ ಕೊಡಬಹುದಾ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ದೊಡ್ಡವರ ಸಣ್ಣ ಕರುಳಿಗೆ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಬರುತ್ತದೆ. ಕುಡಿದದ್ದು ಅದರಲ್ಲಿ 2 ಲೀಟರ್ ಇರಬಹುದು, ಮಿಕ್ಕದ್ದು ಜೊಲ್ಲು, ಜಠರರಸ, ಪಿತ್ತರಸ ಇತ್ಯಾದಿ ದೇಹದ್ದೇ ರಸಗಳು. ಕರುಳು ಅದನ್ನೆಲ್ಲ ಹೀರಿ, ಮಲದಲ್ಲಿ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಭೇದಿಯಲ್ಲಿ ಈ ಲೆಕ್ಕ ತಪ್ಪಿ ನೀರಿನ ಜೊತೆ ಲವಣವೂ ಹೋಗುತ್ತದೆ. ಬರೀ ನೀರು ಆ ಲವಣವನ್ನು ತುಂಬಿಕೊಡುವುದಿಲ್ಲ.

ಕರುಳಿನ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುವ ದ್ವಾರವೊಂದಿದೆ. ಅವೆರಡು ಹೋದಲ್ಲಿಗೆ ನೀರೂ ಹೋಗುತ್ತದೆ. ಕಾಲರಾದಲ್ಲೂ ಈ ದ್ವಾರ ಕೆಲಸ ಮಾಡುತ್ತಲೇ ಇರುತ್ತದೆ. ಓಆರ್‌ಎಸ್ ಲಕ್ಷಾಂತರ ಮಕ್ಕಳ ಜೀವ ಉಳಿಸಿರುವುದು ಇದರಿಂದ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇವೆ. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಾದರೆ ಕರುಳಿನೊಳಕ್ಕೇ ನೀರು ಎಳೆದು ಭೇದಿ ಹೆಚ್ಚಾಗುತ್ತದೆ. ಆದ್ದರಿಂದ ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್ ಇದಕ್ಕೆ ಬದಲಿಯಲ್ಲ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಪೂರ್ತಿ ಪುಡಿ ಕಲಸಿ, 24 ಗಂಟೆಯಾದರೆ ಚೆಲ್ಲಿ ಹೊಸದು ಮಾಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ.

ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಂಕಾಗಿ ಕುಡಿಯಲೂ ಒಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ಕುಡಿಸುತ್ತಿರಿ.