ಹಗುರ ಸ್ಟೀಲ್ ಕೋಲ್ಡ್ ರೋಲಿಂಗ್‌ನಲ್ಲಿ ಯಾಕೆ ಸೀಳುತ್ತದೆ? ಲೋಹತಜ್ಞೆಯನ್ನು ಕೇಳಿ

ಪಿಎಚ್‌ಡಿ ವಿದ್ಯಾರ್ಥಿ: ನಮಸ್ತೆ ಮೇಡಂ. ನಮ್ಮ ಸ್ಟೀಲಿನಲ್ಲಿ ಶೇ. 10 ಮ್ಯಾಂಗನೀಸ್, ಶೇ. 8 ಅಲ್ಯೂಮಿನಿಯಂ, ಶೇ. 0.8 ಕಾರ್ಬನ್ ಇದೆ. ಹಾಟ್ ರೋಲಿಂಗ್‌ನಲ್ಲಿ, ಅಂದರೆ ಕಾಯಿಸಿ ರೋಲರ್ ನಡುವೆ ಒತ್ತಿದಾಗ, 3 ಮಿ.ಮೀ.ಗೆ ಚೆನ್ನಾಗಿಯೇ ಇಳಿಯಿತು. ಕಾಯಿಸದೆ ಒತ್ತುವ ಕೋಲ್ಡ್ ರೋಲಿಂಗ್‌ನ ಮೂರನೇ ಪಾಸ್‌ಗೆ (ರೋಲರ್ ನಡುವೆ ಮೂರನೇ ಸಲ ಹಾಯಿಸಿದಾಗ) ಅಂಚೆಲ್ಲ ಗರಗಸದ ಹಲ್ಲಿನ ಹಾಗೆ ಸೀಳಿತು.

ಲೋಹತಜ್ಞೆ: ಹಾಟ್ ರೋಲಿಂಗ್ ಆದಮೇಲೆ ಹೇಗೆ ತಣಿಸಿದಿರಿ?

ವಿದ್ಯಾರ್ಥಿ: ಒಂದರ ಮೇಲೊಂದು ಪೇರಿಸಿ ಬಿಟ್ಟೆವು. ರಾತ್ರಿಯವರೆಗೂ ಬಿಸಿ ಇತ್ತು.

ಪೀಣ್ಯ ಪ್ರೆಸ್ ಶಾಪ್: ಮೇಡಂ, 2 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್ ಬೆಂಡ್ ಮಾಡುವಾಗ ಕ್ರ್ಯಾಕ್ ಬರುತ್ತೆ.

ಲೋಹತಜ್ಞೆ: ಬೆಂಡ್ ಗೆರೆ ರೋಲಿಂಗ್ ದಿಕ್ಕಿಗೆ ಅಡ್ಡ ಬರಲಿ. ಹೋದ ವಾರವೂ ಹೇಳಿದ್ದೆ.

ಲೋಹತಜ್ಞೆ (ವಿದ್ಯಾರ್ಥಿಗೆ): ಪೇರಿಸಿದ್ದೇ ತಪ್ಪಾಗಿದೆ ಅನಿಸುತ್ತದೆ. ನಿಧಾನವಾಗಿ ತಣಿಯುವಾಗ ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂ, ಕಾರ್ಬನ್ ನಾಲ್ಕೂ ಸೇರಿ ಕಪ್ಪಾ ಕಾರ್ಬೈಡ್ ಎಂಬ ಗಟ್ಟಿ ಕಣಗಳಾಗುತ್ತವೆ. ಈ ಸ್ಟೀಲಿನಲ್ಲಿ ಆಸ್ಟೆನೈಟ್, ಫೆರೈಟ್ ಅಂತ ಎರಡು ಬಗೆಯ ಹರಳುಗಳಿವೆ. ಕಪ್ಪಾ ಆಸ್ಟೆನೈಟ್ ಹರಳಿನ (ಗ್ರೇನ್) ಒಳಗೆ ನ್ಯಾನೋಮೀಟರ್ ಅಳತೆಯಲ್ಲಿ ಹರಡಿದ್ದರೆ ಅದೇ ಬಲ ಕೊಡುತ್ತದೆ, ಆದರೆ ಆಸ್ಟೆನೈಟಿಗೂ ಫೆರೈಟಿಗೂ ನಡುವಿನ ಗಡಿಯಲ್ಲಿ ದಪ್ಪಗೆ ಕೂತರೆ ಗಾಜಿನ ಗೆರೆ ಎಳೆದ ಹಾಗೆ. ಇಷ್ಟು ಅಲ್ಯೂಮಿನಿಯಂ ಇರುವ ಫೆರೈಟ್ ಬೇರೆ ಮೊದಲೇ ಪೆಡಸು. ಒಂದು ಚೂರು ಕತ್ತರಿಸಿ, ಪಾಲಿಶ್ ಮಾಡಿ, ನೈಟಲ್ (ಆಲ್ಕೋಹಾಲ್ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಸೀಳು ಗಡಿ ಹಿಡಿದು ಹೊರಟು, ಫೆರೈಟ್ ಪಟ್ಟೆಯನ್ನು ನೆಟ್ಟಗೆ ದಾಟಿ, ಆಸ್ಟೆನೈಟ್ ಸಿಕ್ಕಲ್ಲಿ ಮೊಂಡಾಗಿ ನಿಂತಿದ್ದರೆ ನನ್ನ ಊಹೆ ಸರಿ. ಉಳಿದ ಪಟ್ಟಿಗಳನ್ನು 1050 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತಕ್ಷಣ ನೀರಿಗೆ ಹಾಕಿ. ಶಿಯರ್ ಮಾಡಿದ (ಕತ್ತರಿಸಿದ) ಅಂಚಿನಲ್ಲಿ ಎದ್ದ ಚೂಪು ಬರ್ ಗ್ರೈಂಡ್ ಮಾಡಿ. ಒಂದೊಂದು ಪಾಸ್‌ಗೆ ಸ್ವಲ್ಪವೇ ದಪ್ಪ ಇಳಿಸಿ.

ಸದಸ್ಯ 1: ಫಾರ್ವರ್ಡ್ ಬಂದಿದೆ ನೋಡಿ. ಸೀಳಿದ ಅಂಚನ್ನು ಟಾರ್ಚ್‌ನಲ್ಲಿ ಕೆಂಪಗೆ ಕಾಯಿಸಿ ಸುಣ್ಣದ ಪುಡಿಯಲ್ಲಿ ಹೂತಿಡಬೇಕಂತೆ. ಮೆತ್ತಗಾಗುತ್ತದೆ.

ಲೋಹತಜ್ಞೆ: ಬೇಡ! ಸಾದಾ ಸ್ಟೀಲ್ ನಿಧಾನವಾಗಿ ತಣಿದರೆ ಮೆತ್ತಗಾಗುತ್ತದೆ, ಇದು ಉಲ್ಟಾ. ಕಪ್ಪಾ ಇನ್ನೂ ಜಾಸ್ತಿ ಬೆಳೆಯುತ್ತದೆ. ಬಂದ ಸೀಳು ಕಾಯಿಸಿದರೆ ಕೂಡಿಕೊಳ್ಳುವುದೂ ಇಲ್ಲ. ಯಾವ ಸ್ಟೀಲ್ ಅಂತ ಕೇಳದೆ ಇಂಥದ್ದನ್ನು ಹಂಚಬೇಡಿ.

ಸದಸ್ಯ 2: ಅಲ್ಯೂಮಿನಿಯಂ ಯಾಕೆ ಹಾಕಬೇಕು ಹೇಳಿ? ಭದ್ರಾವತಿ ಸ್ಟೀಲಿಗೆ ಈ ರಗಳೆ ಇರಲಿಲ್ಲ.

ಸದಸ್ಯ 3: ಭಾರ ಇಳಿಸೋಕೆ ಸಾರ್. ಶೇ. 1 ಹಾಕಿದರೆ ಸಾಂದ್ರತೆ ಸುಮಾರು ಶೇ. 1.3 ಇಳಿಯುತ್ತೆ. ಘನ ಸೆಂ.ಮೀ.ಗೆ 7.8 ಗ್ರಾಂ ಇದ್ದದ್ದು 7ರ ಹತ್ತಿರ ಬರುತ್ತೆ. ಭದ್ರಾವತಿಯಲ್ಲಿ ಇದನ್ನು ಮಾಡಿದ್ದರಾ?

ಸದಸ್ಯ 2: 1923ರ ಕಾರ್ಖಾನೆ ಅದು. ನಮ್ಮಪ್ಪ ಅಲ್ಲೇ ದುಡಿದವರು. ನಿಮಗೇನ್ರೀ ಗೊತ್ತು?

ಸದಸ್ಯ 3: ಅಪ್ಪನ ಮೇಲೆ ನನಗೆ ಗೌರವ ಇದೆ. ಪ್ರಶ್ನೆಗೆ ಉತ್ತರ ಕೊಡಿ.

ಸದಸ್ಯ 4: ಕಾರ್ ಬಾಡಿಗೆ ಇದನ್ನು ಬಳಸುತ್ತಾರಾ ಮೇಡಂ?

ಪೀಣ್ಯ ಪ್ರೆಸ್ ಶಾಪ್: ಅಡ್ಡ ಅಂದ್ರೆ ಯಾವ ಕಡೆ ಮೇಡಂ?

ಸದಸ್ಯ 2: ಇಲ್ಲಿ ಹಿರಿಯರಿಗೆ ಬೆಲೆ ಇಲ್ಲ.

ಲೋಹತಜ್ಞೆ: ಭದ್ರಾವತಿ ಜಗಳ ಇಬ್ಬರೂ ಬೇರೆ ಕಡೆ ಆಡಿಕೊಳ್ಳಿ. ಆ ಹುಡುಗನ ಪಟ್ಟಿ ಏನಾಯಿತು?

ವಿದ್ಯಾರ್ಥಿ: ನೋಡಿದೆ ಮೇಡಂ. ಗಡಿಯಲ್ಲಿ ಕಪ್ಪಾ ಸರಪಳಿ ಹಾಗೆ ಕೂತಿದೆ. ನೀರಿಗೆ ಹಾಕಿದ ಪಟ್ಟಿ ಐದು ಪಾಸ್ ತಡೆಯಿತು. ಆರನೆಯದರಲ್ಲಿ ಒಂದೇ ಕಡೆ ಸೀಳಿದೆ.

ಲೋಹತಜ್ಞೆ: ಗ್ರೈಂಡ್ ಮಾಡದ ಕಡೆಯಾ?

ವಿದ್ಯಾರ್ಥಿ: ಅಲ್ಲ, ಗ್ರೈಂಡ್ ಮಾಡಿದ ಕಡೆಯೇ.

ಲೋಹತಜ್ಞೆ: ಹಾಗಾದರೆ ಬರ್ ಕಾರಣ ಅಲ್ಲ ಅನಿಸುತ್ತದೆ, ರೋಲಿಂಗ್ ನಿಲ್ಲಿಸಿ. ಸೀಳಿನ ತುದಿ ಸೇರಿಸಿ ಕತ್ತರಿಸಿಡಿ. ಫೆರೈಟ್ ಪಟ್ಟೆಯಿಂದ ಶುರುವಾಗಿದೆಯಾ ನೋಡಬೇಕು.