ಸಹಾಯ ಬೇಕು: ಎರೆ ಹೊಲದ ತಳದಲ್ಲಿ ಸುಣ್ಣದ ಹರಳು, ನಿಂಬೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಗದಗ ಕಡೆ ನಮ್ಮದು ಎರೆ ಹೊಲ, ಅಂದರೆ ಕಪ್ಪು ಜಿಗುಟು ಮಣ್ಣು. ಹಿಂಗಾರಿಗೆ ಕಡಲೆ, ಜೋಳ ಚೆನ್ನಾಗೇ ಬರುತ್ತವೆ. ಈಗ ಬೋರ್ ನೀರಿದೆ, ಒಂದು ಎಕರೆ ನಿಂಬೆ ಹಾಕೋಣ ಅಂತ ಗುಂಡಿ ತೆಗೆಸಿದೆವು.

ಮೇಲಿನ ಒಂದು ಅಡಿ ಹುಡಿ ಮಣ್ಣು, ತುಂಬಾ ಬೇರುಗಳಿವೆ. ಅದರ ಕೆಳಗೆ ಎರಡು ಅಡಿಯಷ್ಟು ಗಟ್ಟಿ ಹೆಂಟೆ. ಒಡೆದರೆ ಒಳಮೈ ಎಣ್ಣೆ ಸವರಿದ ಹಾಗೆ ಮಿನುಗುತ್ತದೆ, ಓರೆ ಗೀರುಗಳೂ ಕಾಣುತ್ತವೆ. ಎರೆ ಮಣ್ಣು ನೆನೆದು ಉಬ್ಬಿ, ಒಣಗಿ ಕುಗ್ಗಿ, ಒಂದಕ್ಕೊಂದು ಉಜ್ಜಿಕೊಂಡು ಹೀಗಾಗುತ್ತದೆ. ಅದು ಸಹಜ ಬಿಡಿ. ನನ್ನ ಚಿಂತೆ ಇನ್ನೂ ಕೆಳಗಿನದು. ಮೂರು ಅಡಿ ದಾಟಿದರೆ ಬಿಳಿ ಸುಣ್ಣದ ಹರಳು, ಆಮೇಲೆ ಗರಸು. ಹರಳಿನ ಮೇಲೆ ನಿಂಬೆರಸ ಹಿಂಡಿದರೆ ಬುಸ್ಸಂತ ನೊರೆ ಬರುತ್ತದೆ. (ನಿಂಬೆ ಗುಂಡಿಗೆ ನಿಂಬೆರಸದ್ದೇ ಪರೀಕ್ಷೆ!)

ಮಣ್ಣಿನ ವರದಿಯಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) 8.4 ಇದೆ, ಅಂದರೆ ಕ್ಷಾರದ ಕಡೆಗೆ. ಆದರೆ ಮಾದರಿ ಕೊಟ್ಟಿದ್ದು ಮೇಲಿನ ಅರ್ಧ ಅಡಿಯದು ಮಾತ್ರ. ಹಣ್ಣಿನ ಗಿಡಕ್ಕೆ ಪದರ ಪದರದ ಮಾದರಿ ಬೇರೆ ಬೇರೆ ಕೊಡಬೇಕು ಅಲ್ವಾ? ಎಷ್ಟು ಆಳದವರೆಗೆ?

ಸುಣ್ಣ ಜಾಸ್ತಿ ಆದರೆ ಗಿಡಕ್ಕೆ ಕಬ್ಬಿಣ, ಸತು ಸಿಗದೆ ಎಲೆ ಹಳದಿಯಾಗುತ್ತದೆ. ನರ್ಸರಿಯವರು ಜಿಪ್ಸಂ ಹಾಕಿ ಅಂತಾರೆ. ಜಿಪ್ಸಂ ಬೇಕಿರುವುದು ಸೋಡಿಯಂ ಜಾಸ್ತಿ ಇರುವ ಮಣ್ಣಿಗೆ. ಸೋಡಿಯಂ ಎಷ್ಟಿದೆ ಅಂತ ಪರೀಕ್ಷೆ ಮಾಡಿಸದೆ ಜಿಪ್ಸಂ ಸುಮ್ನೆ ಸುರಿಯಲು ನನಗೆ ಮನಸ್ಸಿಲ್ಲ. ಇನ್ನೊಬ್ಬರು ಗುಂಡಿಗೆ ಕೆಂಪು ಮಣ್ಣು ತುಂಬಿ ಅಂದರು. ಸುತ್ತ ಜಿಗುಟು ಮಣ್ಣಿರುವಾಗ ಮಳೆನೀರು ಅಲ್ಲೇ ನಿಂತು ಬೇರು ಕೊಳೆಯಲ್ವಾ? ಏರುಮಡಿ ಮಾಡಿ ನೆಡುವುದೇ ವಾಸಿ ಅನಿಸುತ್ತಿದೆ.

ಇಂಡಿ ಕಡೆ ಇಂಥದೇ ಮಣ್ಣಿನಲ್ಲಿ ನಿಂಬೆ ಬೆಳೆದವರು ಯಾರಾದರೂ ಇದ್ದೀರಾ? ಬೀಜದ ಸಸಿ ಹಾಕಿದಿರಾ, ರಂಗಪುರ ನಿಂಬೆಯ ಬೇರಿಗೆ ಕಸಿ ಮಾಡಿದ್ದಾ? ಹರಳು ಎಷ್ಟು ಆಳದಲ್ಲಿತ್ತು ಅನ್ನುವುದನ್ನೂ ದಯವಿಟ್ಟು ತಿಳಿಸಿ.