ಡರ್ಬನ್‌ನಲ್ಲಿ ಹಡಗು ಹೊರಡುವ ಮುಂಚೆ ನಾಯಿ ತರಿಸ್ತಾರಂತೆ, ನಿಜಕ್ಕೂ ಕೆಲಸಕ್ಕೆ ಬರುತ್ತಾ?

ಕುಂದಾಪುರದ_ಕಡಲು:
ಎಲ್ಲರಿಗೂ ನಮಸ್ಕಾರ. ನಾನು ಸಕ್ಕರೆ, ಕಲ್ಲಿದ್ದಲಿನಂಥ ಬಿಡಿ ಸರಕು ಸಾಗಿಸುವ ಒಂದು ಬಲ್ಕ್ ಕ್ಯಾರಿಯರ್‌ನಲ್ಲಿ ಥರ್ಡ್ ಆಫೀಸರ್, ಈ ರ‍್ಯಾಂಕಿನಲ್ಲಿ ಇದೇ ಮೊದಲ ಕಾಂಟ್ರ್ಯಾಕ್ಟ್. ಈಗ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿದ್ದೇವೆ. ಮೇಡನ್ ವಾರ್ಫ್‌ನಲ್ಲಿ ಸಕ್ಕರೆ ಲೋಡ್ ಆಗುತ್ತಿದೆ, ಇನ್ನು ಮೂರು ದಿನಕ್ಕೆ ಹೊರಡುತ್ತೇವೆ. ಹೊರಡುವ ಮುಂಚೆ ನಾಯಿ ತಂಡ ಬಂದು, ಯಾರಾದರೂ ಕದ್ದು ಹತ್ತಿ ಅಡಗಿದ್ದಾರಾ ಅಂತ ಇಡೀ ಹಡಗು ಹುಡುಕುತ್ತದೆ ಎಂದು ಕ್ಯಾಪ್ಟನ್ ಹೇಳಿದರು. ನನಗೆ ಅರ್ಥ ಆಗದ್ದು ಇಷ್ಟೇ. ನಾವೇ 22 ಜನ ಇದ್ದೇವೆ, ಅದರ ಮೇಲೆ ಲೋಡಿಂಗ್ ಕೆಲಸದವರು ಹಗಲು ರಾತ್ರಿ ಓಡಾಡುತ್ತಾರೆ, ಹಡಗಿನ ತುಂಬ ಮನುಷ್ಯರ ವಾಸನೆ. ಅದರಲ್ಲಿ ಅಡಗಿ ಕೂತವನದ್ದು ಯಾವುದು ಅಂತ ನಾಯಿಗೆ ಹೇಗೆ ಗೊತ್ತಾಗುತ್ತದೆ? ಇನ್ನೊಂದು, ಕ್ಯಾಬಿನ್ ಒಳಗೂ ಬರುತ್ತಾ? ನನ್ನ ಕ್ಯಾಬಿನ್‌ನಲ್ಲಿ ದೇವರ ಫೋಟೋ ಇದೆ. ನಮ್ಮ ಬೋಸನ್ (ಡೆಕ್ ಕೆಲಸದವರ ಮುಖ್ಯಸ್ಥರು) ಐದು ಹೊತ್ತು ನಮಾಜ್ ಮಾಡುವವರು, ಅವರಿಗೂ ಇದೇ ಚಿಂತೆ. ಇಲ್ಲಿ ಯಾರನ್ನೂ ಕೇಳೋಕೆ ಮನಸ್ಸಾಗಲಿಲ್ಲ.

ಮೇಟ್_ಸುರತ್ಕಲ್:
ಕೆಲಸಕ್ಕೆ ಬರುತ್ತದೆ ಮಾರಾಯ, ಆದರೆ ನೀವು ಹಡಗನ್ನು ಸರಿಯಾಗಿ ತಯಾರು ಮಾಡಿ ಕೊಟ್ಟರೆ ಮಾತ್ರ. ನಾನು ಚೀಫ್ ಆಫೀಸರ್. ಕೆಲವು ವರ್ಷದ ಹಿಂದೆ ಅದೇ ದೇಶದ ಇನ್ನೊಂದು ಬಂದರಿನಲ್ಲಿ ನಾವೇ ಎರಡು ಗಂಟೆ ಹುಡುಕಿ, ಚೆಕ್‌ಲಿಸ್ಟ್‌ಗೆ ಸಹಿ ಹಾಕಿ, ಯಾರೂ ಇಲ್ಲ ಎಂದು ಬರೆದಿದ್ದೆವು. ಆಮೇಲೆ ನಾಯಿ ಬಂತು. ಎರಡನೇ ಕ್ರೇನಿನ ಬುಡದ ಬಾಗಿಲ ಹತ್ತಿರ ಹೋಗಿ ಕೆಳಗಿನ ಸಂದಿಗೆ ಮೂಗಿಟ್ಟು ಕೂತುಬಿಟ್ಟಿತು. ಎಳೆದರೂ ಏಳಲಿಲ್ಲ. ಬಾಗಿಲು ತೆಗೆದು ಒಳಗಿನ ಏಣಿ ಹತ್ತಿದರೆ, ಮೇಲಿನ ಕಟ್ಟೆಯ ಮೇಲೆ ಒಬ್ಬ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಎರಡು ಪ್ಯಾಕೆಟ್ ಬಿಸ್ಕತ್ತು, ಒಂದು ಬಾಟಲಿ ನೀರು. ಮುಂದಿನ ಬಂದರಿಗೆ 15 ದಿನ ಇತ್ತು. ಆ ಬಾಗಿಲನ್ನು ನಾನು ಹೊರಗಿನಿಂದ ನೋಡಿ ಮುಂದೆ ಹೋಗಿದ್ದೆ. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ನೀನು ಮಾಡಬೇಕಾದದ್ದು ಹೇಳ್ತೇನೆ. ಲೋಡಿಂಗ್‌ನವರು ಪೂರ್ತಿ ಇಳಿದ ಮೇಲೆ, ಹಡಗನ್ನು ಬಂದರಿನಿಂದ ಹೊರಗೆ ದಾಟಿಸುವ ಪೈಲಟ್ ಬರುವ ಸ್ವಲ್ಪ ಮುಂಚೆಯೇ ಹುಡುಕಾಟ ಆಗಬೇಕು. ಬೆಳಿಗ್ಗೆ ಹುಡುಕಿ ರಾತ್ರಿ ಹೊರಟರೆ ಏನೂ ಪ್ರಯೋಜನ ಇಲ್ಲ. ಗ್ಯಾಂಗ್‌ವೇ ರಿಜಿಸ್ಟರ್‌ನಲ್ಲಿ ಹತ್ತಿದವರ ಲೆಕ್ಕ, ಇಳಿದವರ ಲೆಕ್ಕ ತಾಳೆ ನೋಡು. ಕೆಲಸದವರ ಹಾಗೇ ಜಾಕೆಟ್, ಹೆಲ್ಮೆಟ್ ಹಾಕಿಕೊಂಡು ಬರುವವರಿದ್ದಾರೆ, ಹಗ್ಗ ಹಿಡಿದು ಹತ್ತುವವರೂ ಇದ್ದಾರೆ. ನಾಯಿ ಬಂದಾಗ ಕೆಲಸವಿಲ್ಲದ ಎಲ್ಲರೂ ಮೆಸ್ ರೂಮಿನಲ್ಲಿ ಕೂರಲಿ. ಬೀಗಗಳೆಲ್ಲ ತೆಗೆದಿರಲಿ, ಪೇಂಟ್ ಸ್ಟೋರ್, ಚೈನ್ ಲಾಕರ್ (ಲಂಗರಿನ ಸರಪಳಿ ಇಡುವ ಕೋಣೆ), ಫನಲ್ (ಹೊಗೆ ಕೊಳವೆ) ಎಲ್ಲದರದ್ದೂ. ಲೈಫ್‌ಬೋಟ್ ನಿನ್ನದೇ ಜವಾಬ್ದಾರಿ ಅಲ್ವಾ, ನೀನೇ ಒಳಗೆ ಇಳಿದು ನೋಡು. ಹುಡುಕಿ ಮುಗಿದ ಜಾಗಕ್ಕೆ ತಕ್ಷಣ ನಂಬರ್ ಇರುವ ಸೀಲ್ ಹಾಕಿ ಬರೆದುಕೋ.

ಕ್ಯಾಬಿನ್‌ಗೆ ಬರುತ್ತದೆ, ಹಗ್ಗ ಹಿಡಿದೇ ತರುತ್ತಾರೆ. ಮುಂಚೆಯೇ ಹ್ಯಾಂಡ್ಲರ್‌ಗೆ ಹೇಳಿದರೆ ಬಾಗಿಲಲ್ಲೇ ನಿಲ್ಲಿಸಿ ಮೂಸಿಸುವವರಿದ್ದಾರೆ. ಬೋಸನ್‌ಗೆ ಚಾಪೆ ಎತ್ತಿ ಕಪಾಟಿನಲ್ಲಿಡೋಕೆ ಹೇಳು. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಶ್ವಾನದಳ_ನಿವೃತ್ತ:
ನಾನು ಹಡಗಿನವನಲ್ಲ, ವಿಮಾನ ನಿಲ್ದಾಣದಲ್ಲಿ ನಾಯಿ ಜೊತೆ ಕೆಲಸ ಮಾಡಿದವನು. ನನ್ನ ನಾಯಿ ಹುಡುಕುತ್ತಿದ್ದದ್ದು ಸ್ಫೋಟಕ, ಮನುಷ್ಯರನ್ನು ಹುಡುಕುವ ನಾಯಿಗೆ ತರಬೇತಿ ಬೇರೆ, ಆದರೆ ಮೂಗಿನ ಲೆಕ್ಕ ಒಂದೇ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಓಡಾಡಿ ಹೋದವನ ವಾಸನೆ ಹರಡಿ ತೆಳುವಾಗುತ್ತಾ ಹೋಗುತ್ತದೆ. ಒಂದೇ ಕಡೆ ಗಂಟೆಗಟ್ಟಲೆ ಕೂತವನ ಉಸಿರು, ಬೆವರು ಒಂದೇ ಸಮ ಹೊಸದಾಗಿ ಬರುತ್ತಲೇ ಇರುತ್ತದೆ. ನಾಯಿ ಆ ಗಟ್ಟಿ ವಾಸನೆ ಕಡೆಗೆ ಹೋಗುತ್ತದೆ. ಅದರ ಪಾಲಿಗೆ ಇದು ಆಟ. ಸಿಕ್ಕಿದರೆ ಚೆಂಡು ಸಿಗುತ್ತದೆ, ಅಷ್ಟೇ. ಕಚ್ಚುವ ನಾಯಿ ಬೇರೆ, ಇದು ಬೇರೆ, ಹೆದರಬೇಡಿ.

ಒಂದು ಮಾತು ನೆನಪಿಡಿ. ನಾಯಿ ಕೂತ ಜಾಗದಲ್ಲೇ ಮನುಷ್ಯ ಇರಬೇಕೆಂದಿಲ್ಲ. ವಾಸನೆ ಗಾಳಿ ಜೊತೆ ಹೋಗುತ್ತದೆ. ಎಂಜಿನ್ ರೂಮಿನಲ್ಲಿ ಬಿಸಿ ಗಾಳಿ ಮೇಲೇರುತ್ತದೆ ಅಲ್ವಾ, ಕೆಳಗೆ ಅಡಗಿದವನ ವಾಸನೆ ಮೇಲೆ ಎಲ್ಲೋ ಹೊರಬರಬಹುದು. ಹಾಗಾಗಿ ಹಡಗು ಗೊತ್ತಿರುವ ಒಬ್ಬರು ಹ್ಯಾಂಡ್ಲರ್ ಜೊತೆ ಇರಲೇಬೇಕು, ಈ ಗಾಳಿ ಎಲ್ಲಿಂದ ಬರುತ್ತದೆ ಅಂತ ಹೇಳೋಕೆ.

ದಯವಿಟ್ಟು ನಾಯಿ ಬಗ್ಗೆಯೂ ಯೋಚಿಸಿ. ಬಿಸಿಲಿಗೆ ಕಾದ ಕಬ್ಬಿಣದ ಡೆಕ್ ಮೇಲೆ ಅದರ ಪಾದ ಸುಡುತ್ತದೆ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿರುವ ನಾಯಿಗೆ ಸರಿಯಾಗಿ ಮೂಸೋಕೆ ಆಗುವುದಿಲ್ಲ. ಬೆಳಗಿನ ಜಾವ ಅಥವಾ ಸಂಜೆ ಆದರೆ ಒಳ್ಳೆಯದು. ನೆರಳು, ಒಂದು ಬೋಗುಣಿ ನೀರು, ನಡುನಡುವೆ ವಿಶ್ರಾಂತಿ ಕೊಡಿ. ಹಡಗಿನ ಅಡುಗೆಮನೆಯಲ್ಲಿ ಮಾಂಸ ಮುಚ್ಚಿಡಿ.

ಕ್ಲೇಮ್ಸ್_ಮುಂಬೈ:
ನಾನು ಮುಂಬೈನಲ್ಲಿ ಹಡಗು ವಿಮೆಯ ಕ್ಲೇಮ್ ನೋಡುವವಳು, ಊರು ಕಾರವಾರ. ಮೇಲಿನವರು ಹೇಳಿದ್ದಕ್ಕೆ ಎರಡು ವಿಷಯ ಸೇರಿಸಬೇಕು.

ಕಲ್ಲಿದ್ದಲು, ಮರದ ದಿಮ್ಮಿ ತುಂಬಿದ ಮುಚ್ಚಿದ ಸರಕು ಕೋಣೆ, ಅಂದರೆ ಹೋಲ್ಡ್‌ನಲ್ಲಿ ಆಕ್ಸಿಜನ್ ಕಡಿಮೆಯಾಗುತ್ತದೆ. ಧಾನ್ಯಕ್ಕೆ ಹುಳ ಕೊಲ್ಲುವ ಹೊಗೆ ಹಾಕಿದ್ದರೆ ಫಾಸ್ಫೀನ್ ಎಂಬ ವಿಷಾನಿಲ ಇರುತ್ತದೆ. ಅಲ್ಲಿಗೆ ನಾಯಿಯನ್ನೂ ಕಳಿಸಬಾರದು, ಮನುಷ್ಯರೂ ಇಳಿಯಬಾರದು. ಅಡಗಿದವನಿಗೆ ಇದು ಗೊತ್ತಿರುವುದಿಲ್ಲ. ಹೋಲ್ಡಿನ ಮೇಲಿನ ಬಾಗಿಲು (ಹ್ಯಾಚ್) ಮುಚ್ಚುವ ಮುಂಚೆಯೇ ಒಳಗೆ ಯಾರೂ ಇಲ್ಲವೆಂದು ನೋಡಿಬಿಡಿ.

ಎರಡನೆಯದು ರಡ್ಡರ್, ಅಂದರೆ ಹಡಗು ತಿರುಗಿಸುವ ಚುಕ್ಕಾಣಿ ಹಲಗೆ. ಹಡಗಿನ ಹಿಂಭಾಗದಲ್ಲಿ ರಡ್ಡರ್ ಮೇಲಿನ ಪೊಟರೆಗೆ ನಾಯಿ ಹೋಗೋಕೆ ಆಗುವುದಿಲ್ಲ. 2022ರ ನವೆಂಬರ್‌ನಲ್ಲಿ ನೈಜೀರಿಯಾದ ಲಾಗೋಸ್‌ನಿಂದ ಹೊರಟ ಅಲಿಥಿನಿ 2 ಎಂಬ ಟ್ಯಾಂಕರ್ 11 ದಿನದ ನಂತರ ಸ್ಪೇನಿನ ಲಾಸ್ ಪಾಲ್ಮಾಸ್ ಮುಟ್ಟಿದಾಗ, ಮೂವರು ಆ ರಡ್ಡರ್ ಮೇಲೆ ಕೂತಿದ್ದರು, ಕಾಲು ನೀರಿಗೆ ತಾಗುವಷ್ಟು ಕೆಳಗೆ. ಆ ಫೋಟೋ ನೀವೂ ನೋಡಿರಬಹುದು. ಮರುವರ್ಷ ನಾಲ್ವರು ಹೀಗೇ 14 ದಿನ ಕೂತು ಅಟ್ಲಾಂಟಿಕ್ ದಾಟಿ ಬ್ರೆಜಿಲ್ ಸೇರಿದರು, ಕೊನೆಗೆ ಊಟ, ನೀರು ಏನೂ ಇರಲಿಲ್ಲ. ಅದಕ್ಕೇ ಹೊರಡುವ ಮುಂಚೆ ಸಣ್ಣ ಬೋಟ್ ಕಳಿಸಿ ಹಿಂಭಾಗಕ್ಕೆ ಟಾರ್ಚ್ ಹಾಕಿ ನೋಡಲೇಬೇಕು.

ಸಮುದ್ರಕ್ಕೆ ಹೋದ ಮೇಲೆ ಯಾರಾದರೂ ಸಿಕ್ಕಿದರೆ ತುಂಬ ಕಷ್ಟ. ಕಾಗದ ಪತ್ರ ಇಲ್ಲದವನನ್ನು ಯಾವ ಬಂದರೂ ಸುಲಭವಾಗಿ ಇಳಿಸಿಕೊಳ್ಳುವುದಿಲ್ಲ, ವಾರಗಟ್ಟಲೆ ಹಡಗಿನಲ್ಲೇ ಉಳಿಯುತ್ತಾನೆ. ಖರ್ಚು ಹೇಗಾದರೂ ಸಂಭಾಳಿಸಬಹುದು. ಆದರೆ ಅವನಿಗೆ ಊಟ, ಮಲಗುವ ಜಾಗ, ಔಷಧಿ ಕೊಟ್ಟು ಮನುಷ್ಯನ ಹಾಗೆ ನೋಡಿಕೊಳ್ಳಬೇಕು, ಹಡಗು ಸಂಚಾರದ ಬಗ್ಗೆ 1965ರಲ್ಲಿ ಆದ ಫಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮದಲ್ಲೇ ಅದಿದೆ. ಸಿಕ್ಕಿದವನಿಗೆ ಯಾರೂ ಕೈ ಮಾಡಬಾರದು.

ಕುಂದಾಪುರದ_ಕಡಲು:
ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ಸಂಜೆ ಹುಡುಕಾಟ ಆಯಿತು, ಈಗ ಸಮುದ್ರದಲ್ಲಿದ್ದೇವೆ. ಹ್ಯಾಂಡ್ಲರ್ ಒಳ್ಳೆಯವರು, ಬೋಸನ್ ಕ್ಯಾಬಿನ್‌ನ ಬಾಗಿಲಲ್ಲೇ ನಾಯಿ ನಿಲ್ಲಿಸಿದರು. ಯಾರೂ ಸಿಗಲಿಲ್ಲ. ರಡ್ಡರ್ ಹತ್ತಿರವೂ ಇರಲಿಲ್ಲ, ಬೋಟಿನಲ್ಲಿ ನಾನೇ ಹೋಗಿ ನೋಡಿದೆ. ಆದರೆ ಚೈನ್ ಲಾಕರ್ ಬಳಿ ನಾಯಿ ಸ್ವಲ್ಪ ಹೊತ್ತು ಮೂಸಿ, ಹಿಂದೆ ಮುಂದೆ ಓಡಾಡಿ, ಕೂರದೆ ಬಂದುಬಿಟ್ಟಿತು. ಹಳೇ ವಾಸನೆ, ಇದ್ದವನು ಹೋಗಿದ್ದಾನೆ ಎಂದರು ಹ್ಯಾಂಡ್ಲರ್. ಟಾರ್ಚ್ ಹಾಕಿ ನೋಡಿದರೆ ಒಂದು ಖಾಲಿ ಬಾಟಲಿ, ಒಂದು ಶರ್ಟ್ ಇತ್ತು. ಅಳತೆ ನೋಡಿದರೆ ದೊಡ್ಡವನದ್ದಲ್ಲ. ಬೋಸನ್ ಅದನ್ನು ಕೊಡವಿ, ಮಡಚಿ ಏಜೆಂಟ್ ಕೈಗೆ ಕೊಟ್ಟರು.